ಅಲ್ಲಾಡದ ಬೆಂಚು

ಜಂಬ ಕೊಚ್ಚುವುದಕ್ಕೂ ಒಂದು ವಿವೇಕ ಬೇಕು. ಕಳೆದುಹೋದ ಕಾಲದ ಬಗ್ಗೆ ಎಷ್ಟು ಬೇಕಾದರೂ ಕೊಚ್ಚಬಹುದು. ಹುಡುಗನಾಗಿದ್ದಾಗ ಬಾವಿಗೆ ಬಿದ್ದ ಎಮ್ಮೆಯನ್ನು ಒಬ್ಬನೇ ಎತ್ತಿದೆ ಎಂದರೆ, ಇಲ್ಲವೆಂದು ಸಾಕ್ಷಿ ಹೇಳಲು ಎಮ್ಮೆ ಬರುವುದಿಲ್ಲ. ಮುಂದೆ ಮಾಡಲಿರುವ ಕೆಲಸದ ಬಗ್ಗೆ ಮಾತ್ರ ಬಾಯಿ ಬಿಡಬಾರದು, ಅದರಲ್ಲೂ ಬೀಗರ ಮುಂದೆ. ನಾನು ಬಿಟ್ಟೆ. ಮಗಳು ಸರೋಜಳ ಮದುವೆಯ ಚಪ್ಪರದಲ್ಲಿ, ಎರಡನೇ ಸಲ ಪಾಯಸ ಬಡಿಸಿಕೊಂಡ ಖುಷಿಯಲ್ಲಿ, ಬಂಗಾರಪೇಟೆಯ ಬೀಗರಿಗೆ, "ನನ್ನ ಮೊಮ್ಮಗುವಿನ ತೊಟ್ಟಿಲನ್ನು ನಾನೇ ಕೈಯಾರೆ ಮಾಡಿಕೊಡುತ್ತೇನೆ" ಎಂದುಬಿಟ್ಟೆ. ಆವರೆಗೆ ನಾನು ಮರದಲ್ಲಿ ಮಾಡಿದ್ದ ಕೆಲಸವೆಂದರೆ ಪೆನ್ಸಿಲ್ ಚೂಪು ಮಾಡಿದ್ದು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಲಕ್ಷ್ಮಮ್ಮ ನನ್ನ ಎಲೆಯಿಂದ ಪಾಯಸದ ಬಟ್ಟಲನ್ನು ಮೆಲ್ಲಗೆ ಎತ್ತಿಕೊಂಡು ಹೋದಳು. ಹತ್ತು ನಿಮಿಷ ಮೊದಲೇ ಎತ್ತಬೇಕಾಗಿತ್ತು.

ಒಂದು ವರ್ಷ ನೆಮ್ಮದಿಯಾಗಿ ಕಳೆಯಿತು. ಆಮೇಲೆ ಬೀಗರಿಂದ ಒಂದು ಕಾರ್ಡು ಬಂತು. ಸರೋಜಳಿಗೆ ನಾಲ್ಕು ತಿಂಗಳು, ಎಲ್ಲರೂ ಕ್ಷೇಮ, ತೊಟ್ಟಿಲಿನ ಕೆಲಸ ಶುರುವಾಗಿರಬಹುದು. ಕಾರ್ಡನ್ನು ಮೂರು ಸಲ ಓದಿದರೂ ಕೊನೆಯ ವಾಕ್ಯ ಅಳಿಸಿಹೋಗಲಿಲ್ಲ.

ನಾನು ಆಗ ಕೋರಮಂಡಲ್ ಚಿನ್ನದ ಗಣಿಯ ಹಾಜರಿ ಆಫೀಸಿನಲ್ಲಿ ಗುಮಾಸ್ತ. ಮನೆ ರಾಬರ್ಟ್‌ಸನ್‌ಪೇಟೆಯ ಒಂದು ವಠಾರದಲ್ಲಿ. ಹಿಂದೊಮ್ಮೆ ಕಾಗದಕ್ಕೆ ಸಹಿ ಹಾಕಿಸಲು ಒಬ್ಬ ದೊರೆಯ ಬಂಗಲೆಗೆ ಹೋಗಿದ್ದಾಗ, ಆತ ಎತ್ತರದ ಬೆಂಚೊಂದರ ಮುಂದೆ ನಿಂತು, ಬಾಯಲ್ಲಿ ಪೈಪು ಕಚ್ಚಿಕೊಂಡು, ಆರಾಮವಾಗಿ ಮರ ಉಜ್ಜುತ್ತಿದ್ದುದನ್ನು ಕಂಡಿದ್ದೆ. ಕಾರ್ಡು ಬಂದ ದಿನ ಅದು ನೆನಪಾಗಿ, ನಾನು ಬಡಗಿಯಾಗದೆ ಉಳಿದ ಕಾರಣ ಥಟ್ಟನೆ ಹೊಳೆಯಿತು. ನನಗೆ ಬೆಂಚು ಇರಲಿಲ್ಲ! ನಮ್ಮ ಆಚಾರಿಗಳಂತೆ ನೆಲದ ಮೇಲೆ ಕೂತು ಕಾಲಲ್ಲಿ ಮರ ಒತ್ತಿಹಿಡಿಯಲು ನನ್ನ ಮಂಡಿ ಒಪ್ಪುವುದಿಲ್ಲ. ಜೊತೆಗೆ ನಾನು ಎಡಚ. ಹಾಗಾಗಿ ನನ್ನ ಎತ್ತರಕ್ಕೆ, ನನ್ನ ಮಂಡಿಗೆ, ನನ್ನ ಎಡಗೈಗೆ ಹೊಂದುವಂಥ ಗಟ್ಟಿಮುಟ್ಟಾದ ಬೆಂಚು ಮೊದಲು ಆಗಬೇಕು. ಅದಾದರೆ ತೊಟ್ಟಿಲು ತಾನಾಗಿಯೇ ಆಗುತ್ತದೆ. ಇದನ್ನು ಲಕ್ಷ್ಮಮ್ಮನಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಅಂಗಾದ್ರೆ ಅನ್ನ ಮಾಡಾಕೆ ಮೊದ್ಲು ಅಡುಗೆಮನೆ ಕಟ್ಬೇಕು ಅನ್ನಿ" ಎಂದಳು.

ಮರ ಬೂದಿಕೋಟೆಯಿಂದ ಬಂತು. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಲಕ್ಷ್ಮಮ್ಮನ ತಮ್ಮ ಮುನಿವೆಂಕಟ ಎತ್ತಿನ ಗಾಡಿಯಲ್ಲಿ ಹುಣಸೆಮರದ ದಪ್ಪ ಹಲಗೆಗಳನ್ನೂ ತೊಟ್ಟಿಲಿಗೆಂದು ನಾಲ್ಕು ಹಲಸಿನ ಹಲಗೆಗಳನ್ನೂ ಹೇರಿಕೊಂಡು ಬಂದ.

"ಉಣ್ಸೆ ಅಂದ್ರೆ ಉಣ್ಸೆ ಬಾವ. ಕಟುಕ್ರು ಮಾಂಸ ಕಡಿಯಾದು ಇದ್ರ ಮ್ಯಾಲೇ. ಇದು ಸವೆಯಾ ಒತ್ಗೆ ನಾವ್ಯಾರೂ ಇರಾಕಿಲ್ಲ."

ಸವೆಯುವುದಿಲ್ಲ ಎಂಬುದು ಮೊದಲ ದಿನವೇ ಖಚಿತವಾಯಿತು. ಹೊಸ ಗರಗಸ ಹಾಕಿ ಅರ್ಧ ಗಂಟೆ ಎಳೆದೆ. ಗರಗಸದ ಹಲ್ಲು ಸವೆಯಿತು, ನನ್ನ ಭುಜ ಸವೆಯಿತು, ಹುಣಸೆಯ ಮೇಲೆ ಬೆಕ್ಕು ಪರಚಿದಷ್ಟು ಗುರುತು ಬಿತ್ತು. ಗೋಡೆಯಾಚೆ ಈ ಸದ್ದು ಕೇಳಿ ಕೇಳಿ ಸಾಕಾಗಿ ಪಕ್ಕದ ಮನೆಯ ಪೆರುಮಾಳ್ ಬಂದ. ಗಣಿಯ ಆಳದಲ್ಲಿ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬಗಳನ್ನು ನಿಲ್ಲಿಸುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೊಂದೇ ಕೆಲಸ. ಹಲಗೆಗಳನ್ನು ತಟ್ಟಿ ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಗಂಭೀರವಾಗಿ ಕೇಳಿದ: "ಮೇಲೆ ಎಷ್ಟು ಲೋಡು ಬರುತ್ತೆ ಸಾರ್?"

"ಲೋಡೇನಿಲ್ಲ ಪೆರುಮಾಳ್. ತೊಟ್ಟಿಲಿನ ಹಲಗೆ ಉಜ್ಜಬೇಕು, ಅಷ್ಟೇ."

"ಅಪ್ಪಡಿ ಹೇಳಬಾರದು ಸಾರ್. ಲೋಡು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ನೀವು ಕವಲೆಪಡಬೇಡಿ, ನಾನು ನೋಡ್ಕೊಳ್ತೀನಿ."

ಅವನು ನೋಡಿಕೊಂಡ. ಪಾಳಿ ಮುಗಿದ ಮೇಲೆ ದಿನಾ ಒಂದೆರಡು ಗಂಟೆ, ಮೂರು ತಿಂಗಳು. ನಾನು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡು, ಅಳತೆ ತಪ್ಪಾಗಿ ಹೇಳಿ ಸಹಾಯ ಮಾಡಿದೆ. ಕಾಲು ಇಷ್ಟು ದಪ್ಪ ಬೇಡವೆಂದರೆ ಕೇಳಲಿಲ್ಲ. ಕಾಲಿನಿಂದ ಕಾಲಿಗೆ ಅಡ್ಡಪಟ್ಟಿ ಕೊಟ್ಟ, ಅಡ್ಡಕ್ಕೆ ಮತ್ತೆ ಅಡ್ಡ ಕೊಟ್ಟ. ನನ್ನದು ಎಂದು ಅದರಲ್ಲಿ ಉಳಿದದ್ದು ಎರಡೇ: ನನ್ನ ಸೊಂಟದ ಎತ್ತರ, ಮತ್ತು ಮರ ಕಚ್ಚಿಹಿಡಿಯುವ ವೈಸನ್ನು ಎಡಗೈಯವನಿಗೆ ಬೇಕಾದಂತೆ ಬಲತುದಿಗೆ ಕೂರಿಸಿದ್ದು. ಮುಗಿದಾಗ ವರಾಂಡದ ತುಂಬ ಅದೇ. ಮನೆಯೊಳಗೆ ಹೋಗುವವರು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯಬೇಕು. ಹೆರಿಗೆಗೆಂದು ಬಂದ ಸರೋಜ ಆ ಸ್ಥಿತಿಯಲ್ಲಿ ಅಡ್ಡಡ್ಡ ನಡೆಯಲಾಗದೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಚೊಚ್ಚಲ ಬಸುರಿಯನ್ನು ಹಿತ್ತಿಲಿನಿಂದ ಕರೆಸಿಕೊಂಡ ತಂದೆ ಆ ಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ಒಂದು ಬೆಳಿಗ್ಗೆ, ನಾನು ಆಫೀಸಿನಲ್ಲಿದ್ದಾಗ ನೆಲ ನಡುಗಿತು. ಗಣಿಯಾಳದಲ್ಲಿ ಬಂಡೆ ಸಿಡಿಯುವುದು ನಮ್ಮೂರಿಗೆ ಹೊಸದಲ್ಲ. ಆದರೆ ಆ ದಿನ ಶಾಯಿಯ ಬಾಟಲಿ ಮೇಜಿನಿಂದ ಉರುಳಿತು, ಗೋಡೆಯ ಗಾರೆ ಉದುರಿತು. ಒಳಗಿಳಿದವರ ಹಿತ್ತಾಳೆ ಬಿಲ್ಲೆಗಳನ್ನು ವಾಪಸು ತೆಗೆದುಕೊಳ್ಳುವವನು ನಾನೇ. ಒಬ್ಬೊಬ್ಬರೇ ಮೇಲೆ ಬಂದು ಬಿಲ್ಲೆ ಇಟ್ಟು ಹೋದರು. ಮಧ್ಯಾಹ್ನವಾಯಿತು, ಮೂರಾಯಿತು, ಪೆರುಮಾಳನ ಬಿಲ್ಲೆ ಬರಲಿಲ್ಲ. ಬೆಂಚಿನ ಕಾಲು ದಪ್ಪವಾಯಿತೆಂದು ಹಿಂದಿನ ವಾರ ಅವನ ಮೇಲೆ ರೇಗಿದ್ದೆ. ಅವನ ಬಿಲ್ಲೆ ತೂಗಬೇಕಾಗಿದ್ದ ಖಾಲಿ ಮೊಳೆಯನ್ನೇ ನೋಡುತ್ತಾ ಕೂತಿದ್ದೆ. ಎದುರಿನ ಪುಸ್ತಕದಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಸಂಜೆ ಐದರ ಹೊತ್ತಿಗೆ ಮೈಯೆಲ್ಲ ಬೂದಿ ಬಣ್ಣವಾಗಿದ್ದ ಒಬ್ಬ ಮನುಷ್ಯ ಬಂದು ಬಿಲ್ಲೆ ಇಟ್ಟ. ಕಣ್ಣು ನೋಡಿ ಪೆರುಮಾಳ್ ಎಂದು ಗುರುತು ಹಿಡಿದೆ. "ನಾನು ನಿಲ್ಲಿಸಿದ ಮರ ನಿಂತಿತ್ತು ಸಾರ್," ಎಂದ. ಆಮೇಲೆ, "ಮನೇಲಿ ಬೆಂಚು ಅಲ್ಲಾಡಲಿಲ್ಲ ತಾನೆ?"

ಇಬ್ಬರೂ ಓಡಿ ಮನೆಗೆ ಬಂದೆವು. ಲಕ್ಷ್ಮಮ್ಮ, ಸರೋಜ, ಪೆರುಮಾಳನ ಹೆಂಡತಿ, ಮೂವರೂ ಬೆಳಿಗ್ಗೆಯಿಂದ ಬೆಂಚಿನ ಕೆಳಗೇ ಕೂತಿದ್ದರು. ಲಕ್ಷ್ಮಮ್ಮ, ಸರೋಜ ಇಬ್ಬರೂ ಹೊರಗೆ ಬರಬಹುದಾಗಿತ್ತು. ಗಂಡನ ಮುಖ ಕಾಣುವ ತನಕ ಏಳುವುದಿಲ್ಲವೆಂದು ಪೆರುಮಾಳನ ಹೆಂಡತಿ ಹಟ ಹಿಡಿದಿದ್ದರಿಂದ ಇವರೂ ಎದ್ದಿರಲಿಲ್ಲ. ಆ ಬೆಂಚಿನ ಬಗ್ಗೆ ನನಗೆ ಹೆಮ್ಮೆಯಾದದ್ದು ಅದೊಂದು ದಿನ.

ಆ ಹೆಮ್ಮೆಯಲ್ಲಿಯೇ ಮಾರನೆಯ ದಿನ, "ತೊಟ್ಟಿಲಿಗೂ ಒಂದು ಕೈ ಹಾಕು ಪೆರುಮಾಳ್" ಎಂದೆ. ಅವನು ಬೆಂಚಿನ ಕಾಲನ್ನು ಒಮ್ಮೆ ಅಲ್ಲಾಡಿಸಲು ನೋಡಿದ. "ತೊಟ್ಟಿಲು ಅಲ್ಲಾಡಬೇಕು ಸಾರ್. ನಾನು ಮಾಡಿದ್ದು ಯಾವುದೂ ಅಲ್ಲಾಡಲ್ಲ."

ಅಲ್ಲಿಗೆ ನಾನು, ನನ್ನ ಬೆಂಚು, ನಾಲ್ಕು ಹಲಸಿನ ಹಲಗೆ ಉಳಿದೆವು. ಇನ್ನು ನೆವ ಇರಲಿಲ್ಲ. ಬೆಂಚು ನನ್ನ ಮಂಡಿಗೆ ಹೊಂದಿತು, ಎತ್ತರಕ್ಕೆ ಹೊಂದಿತು. ಮರಗೆಲಸ ಮಾತ್ರ ನನಗೆ ಬರುತ್ತಿರಲಿಲ್ಲ. ಉಳಿ ಹಿಡಿದರೆ ಹಲಗೆ ಸೀಳಿತು. ಒಂದು ಬದಿ ಸೊಟ್ಟಾಯಿತೆಂದು ಇನ್ನೊಂದು ಬದಿ ಕೊಯ್ದೆ, ಅದಕ್ಕೆ ಸರಿಹೋಗಲೆಂದು ಮತ್ತೆ ಇದನ್ನು ಕೊಯ್ದೆ. ತೊಟ್ಟಿಲು ಮಗುವಿನ ಅಳತೆಯಿಂದ ಗೊಂಬೆಯ ಅಳತೆಗೆ ಇಳಿಯಿತು. ಲಕ್ಷ್ಮಮ್ಮ ಕೇಳಿದಾಗಲೆಲ್ಲ, "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಕಣೇ" ಎಂದು ಶಾಸ್ತ್ರ ಹೇಳುತ್ತಿದ್ದೆ. ಕೂಸು ಹುಟ್ಟಿತು, ಹೆಣ್ಣು. ನನ್ನ ಶಾಸ್ತ್ರ ಮುಗಿಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ನಾಲ್ಕೇ ದಿನ ಉಳಿದಿರುವಾಗ, ನನಗೆ ಒಂದು ಮಾತೂ ಹೇಳದೆ ಲಕ್ಷ್ಮಮ್ಮ ತಮ್ಮನಿಗೆ ಹೇಳಿಕಳಿಸಿದಳು. ಅವನು ಹೊಸ ಹಲಗೆಗಳ ಜೊತೆ ಊರಿನ ನಂಜುಂಡಾಚಾರಿಯನ್ನು ಕರೆದುಕೊಂಡು ಬಂದ.

ಆಚಾರಿಗೆ ಎಪ್ಪತ್ತರ ಮೇಲೆ ವಯಸ್ಸು. ಬೆಂಚಿನ ಸುತ್ತ ಎರಡು ಸುತ್ತು ಹಾಕಿ, ವೈಸನ್ನು ತಿರುಗಿಸಿ, ಅತ್ತ ನಿಂತು, ಇತ್ತ ನಿಂತು, "ಇದ್ಯಾಕೋ ಕನ್ನಡೀಲಿ ನೋಡ್ಕೊಂಡು ಮಾಡ್ದಂಗೈತಲ್ಲಪ್ಪ" ಎಂದ. ನಾನು ಎಡಚ ಎಂದೆ. "ಓಗ್ಲಿ ಬಿಡಿ ಸ್ವಾಮಿ, ಏನ್ ಮಾಡಾಕಾಯ್ತದೆ" ಎಂದು ಸಮಾಧಾನ ಹೇಳಿ, ಬೆಂಚಿನ ಪಕ್ಕದಲ್ಲೇ ನೆಲಕ್ಕೆ ಗೋಣಿತಾಟು ಹಾಸಿ ಕೂತ. ಹಲಗೆಯನ್ನು ಕಾಲ್ಬೆರಳಲ್ಲಿ ಒತ್ತಿಹಿಡಿದು, ಮರ ಕೆತ್ತುವ ಬಾಚಿಯನ್ನು ಎತ್ತಿದ. ಮೂರು ದಿನದಲ್ಲಿ ತೊಟ್ಟಿಲು ಎದ್ದಿತು. ನಾಲ್ಕು ಮೂಲೆಗೆ ನಾಲ್ಕು ಗಿಳಿ ಬೇರೆ. ನನ್ನ ಬೆಂಚನ್ನೂ ಅವನು ಬಳಸದೆ ಬಿಡಲಿಲ್ಲ. ಎಲೆಅಡಿಕೆಯ ಚೀಲವನ್ನು ಮೂರು ದಿನವೂ ಅದರ ಮೇಲೇ ಇಟ್ಟಿದ್ದ.

ಶಾಸ್ತ್ರದ ದಿನ ಬೀಗರು ಬೆಳಗಿನ ರೈಲಿಗೆ ನೆಂಟರಿಷ್ಟರೊಡನೆ ಬಂದಿಳಿದರು. ತೊಟ್ಟಿಲು ನೋಡಿದರು, ಗಿಳಿಗಳನ್ನು ಒಂದೊಂದಾಗಿ ಸವರಿದರು, ನೆರೆದವರ ಕಡೆ ತಿರುಗಿದರು. "ನೋಡ್ರಪ್ಪಾ, ಆವತ್ತು ಚಪ್ಪರದಡಿ ಆಡಿದ್ ಮಾತು ಇವತ್ತು ನಡಿಸವ್ರೆ! ಆಫೀಸಿನ ಕೆಲ್ಸ ಮಾಡ್ಕೊಂಡು ಇಂಥಾ ಕೈಕೆಲ್ಸ ಯಾರಿಗ್ ಬತ್ತದೆ ಹೇಳಿ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೆರುಮಾಳ್ ನನ್ನನ್ನು ನೋಡಿದ. ಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ಕಾದಳು. ನಾನು ಗಂಟಲು ಸರಿಮಾಡಿಕೊಂಡು, "ಏನೋ, ಕೈಲಾದಷ್ಟು" ಎಂದೆ.

"ಅಂಗಾದ್ರೆ ಇನ್ನೊಂದು ಮಾಡ್ಬೇಕು," ಎಂದರು ಬೀಗರು. "ನಮ್ ಕಿರಿಮಗಳಿಗೂ ಈಗ ಐದು ತಿಂಗ್ಳು."

ಪಕ್ಕದಲ್ಲಿದ್ದ ಮುನಿವೆಂಕಟ ನಗಲಿಲ್ಲ. "ಅದ್ಕೇನ್ ಬಾವ," ಎಂದ, "ನಾಳೇನೇ ಮರ ಕಳಿಸ್ತೀನಿ. ಬೆಂಚು ಎಂಗೂ ಐತೆ."

ನಾನು ತಲೆ ತಗ್ಗಿಸಿ ನಿಂತಿದ್ದೆ. ಬೀಗರ ಕಡೆಯವರೆಲ್ಲ ಅದನ್ನು ವಿನಯ ಎಂದುಕೊಂಡರು.