ಎರಡು ಗಂಟೆಯೊಳಗೆ ನಾಲ್ಕು ತೂತು

"ಬಾವ, ನಿಮಗೆ ಗೋಡೆಗೆ ಒಂದು ಮೊಳೆ ಹೊಡೀಲಿಕ್ಕೂ ಬರುದಿಲ್ಲ ಅಲ್ವಾ?"

ಹೋದ ತಿಂಗಳು ಊಟಕ್ಕೆ ಬಂದಿದ್ದ ಹೆಂಡತಿಯ ತಮ್ಮ ಅಂಗಾರ ಹೀಗೆ ಅಂದುಹೋದಂದಿನಿಂದ ಸುಕೇಶನಿಗೆ ಅನ್ನ ರುಚಿಸಿರಲಿಲ್ಲ. ಇವತ್ತು ಶುಕ್ರವಾರ ಅಂಗಾರ ಗೋರೆಗಾಂವ್‌ನಿಂದ ಮತ್ತೆ ಊಟಕ್ಕೆ ಬರುವವನಿದ್ದ. ಅಷ್ಟರೊಳಗೆ ಅಡುಗೆಮನೆಯ ಗೋಡೆಗೆ ಹಲಗೆ ಕೂರಿಸಿ ಅವನ ಬಾಯಿ ಮುಚ್ಚಿಸಲೇಬೇಕೆಂದು ಸುಕೇಶ್ ತನ್ನ ಹೋಟೆಲಿಗೆ ರಜೆ ಹಾಕಿ, ಹೊಸ ಡ್ರಿಲ್ ತಂದು, ಲುಂಗಿ ಎತ್ತಿ ಕಟ್ಟಿದ.

"ಕೆಳಗಿನ ಉಸ್ಮಾನಣ್ಣನನ್ನು ಕರೀರಿ, ಅವರು ಬಡಗಿ ಅಲ್ವಾ?" ಎಂದಳು ಹೆಂಡತಿ ನೀಲಾವತಿ, ಕೋಳಿ ಸುಕ್ಕದ ಪಾತ್ರೆಗೆ ತಟ್ಟೆ ಮುಚ್ಚುತ್ತಾ.

"ಬೇಡ. ನಾನೇ ಮಾಡುದು."

ಡಬ್ಬಿಯಲ್ಲಿ ಡ್ರಿಲ್ಲಿನ ತುದಿಗೆ ಸಿಕ್ಕಿಸುವ ಮೂರು ಬಿಟ್‌ಗಳು. ಒಂದರ ಮೇಲೆ ಮರದ ಚಿತ್ರ, ಒಂದರ ಮೇಲೆ ಕಬ್ಬಿಣದ ಸರಳು, ಇನ್ನೊಂದರ ಮೇಲೆ ಇಟ್ಟಿಗೆ. ಗಿರಾಕಿ ಕೇಳಿದ್ದನ್ನೇ ಬಡಿಸುವ ಹೋಟೆಲ್ ಬುದ್ಧಿ ಸುಕೇಶನದು. ಹಾಕಬೇಕಾದದ್ದು ಮರದ ಹಲಗೆ, ಹಾಗಾದರೆ ಮರದ ಬಿಟ್ಟೇ ಸರಿ ಎಂದುಕೊಂಡ. ಇಟ್ಟಿಗೆಯಂತೂ ಗೋಡೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಡ್ರಿಲ್ ಕಿರುಚಿತು, ಹೊಗೆ ಎದ್ದಿತು, ಬಿಟ್ ಕಪ್ಪಾಗಿ ಸೊಟ್ಟಗಾಯಿತು. ಗೋಡೆಯಲ್ಲಿ ಮೂಡಿದ್ದು ಸೊಳ್ಳೆ ಕಚ್ಚಿದಷ್ಟು ಗುರುತು.

ಸದ್ದಿಗೆ ಮೊದಲು ಓಡಿಬಂದವಳು ಸೊಸೈಟಿಯ ಸೆಕ್ರೆಟರಿ ಕಸ್ತೂರಿಬಾಯಿ. "ದೋ ಬಜೇ ತಕ್! ಎರಡರಿಂದ ನಾಲ್ಕು ನಮ್ಮ ಬಿಲ್ಡಿಂಗ್‌ನಾಗ ಡ್ರಿಲ್ ಬಂದ್, ಗೊತ್ತೈತಲ್ಲ?" ಎಂದು ಬೆರಳು ತೋರಿಸಿ ಹೋದಳು. ಆಗ ಒಂದೂಕಾಲು.

ಅವಳ ಹಿಂದೆಯೇ ಬಂದವನು ಪಕ್ಕದ ಮನೆಯ ಮರೆಪ್ಪ. ಕಿಟಕಿ ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದವನಿಗೆ ಎಚ್ಚರವಾಗಿತ್ತು. "ಕಬ್ಬಿಣದ್ದು ಹಾಕ್ರೀ! ಕಬ್ಬಿಣಾನೇ ಕೊರೆಯೋದು ಗ್ವಾಡಿ ಬಿಡ್ತದೇನು?"

ಮಾತು ಒಪ್ಪುವಂತೆಯೇ ಇತ್ತು. ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಒತ್ತುಕೊಟ್ಟು ಕೊರೆದರು. ಹತ್ತು ನಿಮಿಷದಲ್ಲಿ ಕಬ್ಬಿಣದ ಬಿಟ್ಟಿನ ಮೊನೆ ಸವೆದು ಗುಂಡಗಾಯಿತು. ಮರೆಪ್ಪನಿಗೆ ಇದ್ದಕ್ಕಿದ್ದಂತೆ ನಿದ್ದೆ ನೆನಪಾಯಿತು.

ಅಷ್ಟರಲ್ಲಿ ಶುಕ್ರವಾರದ ನಮಾಜು ಮುಗಿಸಿ ಮನೆಗೆ ಬಂದ ಉಸ್ಮಾನ ಸದ್ದು ಕೇಳಿ ತಾನಾಗಿಯೇ ಮೇಲೆ ಬಂದು ಒಳಗೆ ಇಣುಕಿದ. "ಏ ಸುಕೇಶಣ್ಣ, ಏನ್ ಹಾಕ್ತೀರಿ ಅನ್ನೋದಲ್ರೀ, ಎದರಾಗ ತೂತು ಹೊಡೀತೀರಿ ಅನ್ನೋದು ನೋಡಬೇಕು. ಇದು ನೋಡ್ರಿ, ಇಟ್ಟಿಗಿ ಚಿತ್ರದ್ದು, ತುದಿ ಈಟಿಯಂಗ ಅಗಲ ಐತಿ. ಇದು ಗ್ವಾಡಿಗಿ. ಇಲ್ಲಿ ಸುತ್ತಗಿ ಚಿತ್ರದ ಮ್ಯಾಲ ಬಟನ್ ಸರಸ್ರಿ. ಹಾಂ, ಈಗ ಒತ್ರಿ."

ಸುಕೇಶ್ ಒತ್ತಿದ. ಡ್ರಿಲ್ ಗಡಗಡ ಅದುರುತ್ತಾ ಬೆಣ್ಣೆಯೊಳಗೆ ಹೋದಂತೆ ಒಳಹೋಯಿತು. ಒಂದು, ಎರಡು, ಮೂರು, ನಾಲ್ಕು! ಒಂದು ಗಂಟೆ ಐವತ್ತೈದಕ್ಕೆ ನಾಲ್ಕು ತೂತೂ ನೇರ ಸಾಲಿನಲ್ಲಿ ಸಿದ್ಧ. ಸಿಮೆಂಟಿನ ಧೂಳು ಮೆತ್ತಿದ ಮೀಸೆಯಲ್ಲೇ ಅವನು ನಕ್ಕ. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಶಾಬಾಸ್!" ಎಂದ ಉಸ್ಮಾನ. "ಈಗ ಹಲಗಿಗಿ ತೂತು ಹಾಕೂಣು. ಹಲಗಿ ಹೊರೋ ಈ ಕಬ್ಬಿಣದ ಪಟ್ಟಿ ತೂತೂ ಸಣ್ಣವು, ಸ್ಕ್ರೂ ಒಳಗ ಹೋಗಂಗಿಲ್ಲ, ಜರಾ ದೊಡ್ಡವು ಮಾಡಬೇಕು. ಮರದ ಬಿಟ್ಟು, ಕಬ್ಬಿಣದ ಬಿಟ್ಟು ಕೊಡ್ರಿ."

ಸುಕೇಶ್ ಮೂಲೆಯಲ್ಲಿ ಬಿದ್ದಿದ್ದ ಕಪ್ಪಾಗಿ ಸೊಟ್ಟಗಾದ ಬಿಟ್ಟನ್ನೂ ಮೊನೆ ಮೊಂಡಾದ ಬಿಟ್ಟನ್ನೂ ನೋಡಿದ.

"ನಿಮ್ಮದು ಇಲ್ವಾ, ಉಸ್ಮಾನಣ್ಣ?"

"ನನ್ನ ಚೀಲ ವಡಾಲದಾಗ, ಕೆಲಸದ ಮನ್ಯಾಗ ಐತ್ರಿ."

"ದೋ ಬಜ್ ಗಯೇ! ಎರಡಾತು!" ಕಸ್ತೂರಿಬಾಯಿಯ ಕೂಗು ಕೆಳಗಿನಿಂದ ಕೇಳಿತು.

ಹಲಗೆ ಮಂಚದ ಕೆಳಗೆ ಸೇರಿತು. ನೀಲಾವತಿ ನಾಲ್ಕು ತೂತಿಗೂ ಪ್ಲಾಸ್ಟಿಕ್ ಗೂಟ ತುರುಕಿ ಸ್ಕ್ರೂ ತಿರುಗಿಸಿ, ಮೊದಲ ಮೂರಕ್ಕೆ ಸೌಟು, ಜರಡಿ, ತುರಿಮಣೆ ತೂಗುಹಾಕಿದಳು. "ಒಳ್ಳೆದೇ ಆಯ್ತು, ಕೈಗೆ ಸಿಗ್ತದೆ," ಎಂದಳು. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು.

ಎರಡೂವರೆಗೆ ಬಂದ ಅಂಗಾರ ನಾಲ್ಕನೆಯ ಸ್ಕ್ರೂವಿಗೆ ಹೆಲ್ಮೆಟ್ ಸಿಕ್ಕಿಸಿ, ಜಗ್ಗಿ ನೋಡಿ, ಸುಕ್ಕದ ಮುಂದೆ ಕುಳಿತ.

"ಅಡ್ಡಿಯಿಲ್ಲ ಬಾವ, ಅಂತೂ ಮೊಳೆ ಹೊಡೀಲಿಕ್ಕೆ ಕಲಿತಿರಿ. ಇನ್ನು ಒಂದು ಹಲಗೆ ಕೂರಿಸ್ಲಿಕ್ಕೆ ಕಲಿತರೆ ಆಯ್ತು."