ಅವಧಿ ಮುಗಿದ ಸಂಜೀವಿನಿ

ಔಷಧ ಉಗ್ರಾಣದ ಮೇಲ್ವಿಚಾರಕರ ಮಾತಿಗೆ ಈ ಭೂಮಂಡಲದಲ್ಲಿ ಬೆಲೆ ಬರುತ್ತಿದ್ದದ್ದು ಒಂದೇ ಒಂದು ಕುರ್ಚಿಯ ಮೇಲೆ ಕುಳಿತಾಗ. ಅದು ಉಗ್ರಾಣದ ಕುರ್ಚಿಯಲ್ಲ. ಅಲ್ಲಿನ ಹಮಾಲರು ಅವರ ದನಿಯನ್ನು ಫ್ಯಾನಿನ ಸದ್ದಿನ ಲೆಕ್ಕಕ್ಕೆ ಸೇರಿಸಿ ಬಹಳ ಕಾಲವಾಗಿತ್ತು. ಮನೆಯ ಸೋಫಾ ಅಂತೂ ಅಲ್ಲವೇ ಅಲ್ಲ. ಅಲ್ಲಿ ಹೆಂಡತಿಯ ಹೊಲಿಗೆ ಅಂಗಡಿಯ ಬಟ್ಟೆಗಳು ಎದ್ದು ಜಾಗ ಕೊಟ್ಟರೆ ಮಾತ್ರ ಇವರು ಕೂರಬಹುದು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಒಂದು ತುದಿಗೆ ಎಳೆದು ಹಾಕುತ್ತಿದ್ದ, ಒಂದು ಕೈ ಮುರಿದ ಮರದ ಕುರ್ಚಿ ಅದು. ಅದರಲ್ಲಿ ಆಸೀನರಾಗಿ ಎದುರಿಗೊಂದು ರಟ್ಟಿನ ಮರೆ ನಿಲ್ಲಿಸಿಕೊಂಡರೆಂದರೆ ಅವರು ಆಟದ ಸೂತ್ರಧಾರರು. ಕಾಡು, ಕೋಟೆ, ಗುಹೆ, ರಾಕ್ಷಸ ಎಲ್ಲವೂ ಅವರು ಹೇಳಿದಂತೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ದಾಳ ಹೇಳಿದ್ದನ್ನು ಸೂತ್ರಧಾರರು ವ್ಯಾಖ್ಯಾನಿಸಬೇಕು. (ವ್ಯಾಖ್ಯಾನವನ್ನು ಹೆಂಡತಿ ಒಪ್ಪಬೇಕೆಂಬ ನಿಯಮ ಎಲ್ಲಿಯೂ ಬರೆದಿರಲಿಲ್ಲ, ಜಾರಿಯಲ್ಲಿ ಮಾತ್ರ ಇತ್ತು.)

ವಾರವಿಡೀ ಕತ್ತರಿ ಹಿಡಿಯುವ ಹೆಂಡತಿ ಭಾನುವಾರ ಖಡ್ಗಧಾರಿಣಿ. ಅತ್ತೆ ಮಹಾಮಾಂತ್ರಿಕೆ. ಬಸ್ಸು ಓಡಿಸುವ ಭಾವಮೈದುನ ಆಟದಲ್ಲಿ ಕಳ್ಳ; ಪಾತ್ರಕ್ಕೆಂದು ಅವನು ವಿಶೇಷ ತಯಾರಿಯನ್ನೇನೂ ಮಾಡಿಕೊಂಡಂತಿರಲಿಲ್ಲ.

ತೊಂದರೆ ಹುಟ್ಟಿದ್ದು ಮಾಯಾವಸ್ತುಗಳಿಂದ. ಒಂದೊಂದು ಗುಹೆ ಗೆದ್ದಾಗಲೂ ಸೂತ್ರಧಾರರು ಉದಾರವಾಗಿ ಬಹುಮಾನ ಕೊಡುತ್ತಿದ್ದರು. ಉಗ್ರಾಣದಿಂದ ತಂದ ಖಾಲಿ ಸೀಸೆಗಳಲ್ಲಿ ಬಣ್ಣದ ನೀರು ತುಂಬಿ ‘ಇದು ಸಂಜೀವಿನಿ’, ‘ಇದು ಅದೃಶ್ಯರಸ’ ಎಂದು ಹಂಚುತ್ತಿದ್ದರು. ಅತ್ತೆಗೆ ಬೆಂಕಿ ಉಗುಳುವ ಕೋಲು, ಭಾವಮೈದುನನಿಗೆ ಮಾಯದ ಚಪ್ಪಲಿ ಸಿಕ್ಕಿದ್ದೂ ಹೀಗೆಯೇ. ಹೆಂಡತಿ ತನ್ನ ಪಾಲಿನ ಸೀಸೆಗಳನ್ನೆಲ್ಲ ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದಳು. ಆಮೇಲೆ ಆ ಡಬ್ಬಿ ತೆರೆದದ್ದನ್ನು ಕಂಡವರಿಲ್ಲ.

ಹೀಗಿರುವಾಗ ಒಂದು ಭಾನುವಾರ, ಸೇತುವೆಯಡಿಯ ರಾಕ್ಷಸ ಖಡ್ಗಧಾರಿಣಿಯನ್ನು ಜಜ್ಜಿ ನೆಲಕ್ಕೆ ಕೆಡವಿದ.

“ಸಂಜೀವಿನಿ ಕುಡೀತೀಯಾ?” ಸೂತ್ರಧಾರರು ಕೇಳಿದರು.

“ಬೇಡ. ಮುಂದೆ ಬೇಕಾಗುತ್ತೆ.”

“ಸಾಯ್ತಾ ಇದ್ದೀಯ ಕಣೇ! ಇದಕ್ಕಿಂತ ಮುಂದೆ ಇನ್ನೇನಿದೆ?”

“ಇನ್ನೂ ಒಂದು ಗುಟುಕು ಜೀವ ಇದೆಯಲ್ರೀ. ಅದು ಮುಗೀಲಿ, ನೋಡೋಣ.”

“ಅತ್ತೆ, ನಿಮ್ಮ ಹತ್ರ ಬೆಂಕಿ ಕೋಲಿದೆ. ಮಗಳನ್ನ ಉಳಿಸ್ಕೊಳ್ಳಿ.”

“ಇಂಥ ಚಿಲ್ಲರೆ ರಾಕ್ಷಸನಿಗೆಲ್ಲ ಬೆಂಕಿ ಕೋಲು ಯಾಕೆ ಅಳಿಯಂದಿರೇ? ಕಲ್ಲು ಬೀರ್ತೀನಿ.”

ಕಲ್ಲು ಭಾವಮೈದುನನಿಗೆ ಬಿತ್ತು. ಖಡ್ಗಧಾರಿಣಿ ಡಬ್ಬಿಯ ತುಂಬ ಸಂಜೀವಿನಿ ಇಟ್ಟುಕೊಂಡು ವೀರಮರಣವನ್ನಪ್ಪಿದಳು. ಆಕೆ ಸತ್ತೇ ಉಳಿದರೆ ಸಂಜೆಯ ಚಹಾದ ಗತಿ ಏನಾಗಬಹುದೆಂದು ಸೂತ್ರಧಾರರು ದೂರಾಲೋಚನೆ ಮಾಡಿ, ದಾರಿಯಲ್ಲಿ ಹೋಗುತ್ತಿದ್ದ ಸನ್ಯಾಸಿಯೊಬ್ಬನನ್ನು ಕರೆತಂದು ಬದುಕಿಸಿದರು. ಆದರೆ ಅವರ ಎದೆ ಕುದಿಯುತ್ತಿತ್ತು. ಮುಂದಿನ ವಾರ ಬರಲಿದ್ದದ್ದು ರೆಕ್ಕೆಯಿರುವ ಮಹಾಸರ್ಪ. ಅದರ ಮಣ್ಣಿನ ಗೊಂಬೆಯನ್ನು ಅವರು ತಿಂಗಳುಗಟ್ಟಲೆ ಕೂತು ಮಾಡಿದ್ದರು. ರೆಕ್ಕೆಗೆ ಎರಡು ಬಾರಿ ಬಣ್ಣ ಹಚ್ಚಿದ್ದರು. ಅಂಥ ಪ್ರಾಣಿಗೆ ಅತ್ತೆ ಕಲ್ಲು ಬೀರುವುದೆಂದರೆ!

ಆಗ ಅವರಿಗೊಂದು ಉಪಾಯ ಹೊಳೆಯಿತು. ಉಗ್ರಾಣದಲ್ಲಿ ಮಾಲು ಹೊರಗೆ ಹೋಗುವುದು ಯಾವಾಗ? ಅವಧಿ ಮುಗಿಯುತ್ತ ಬಂದಾಗ! ಅವರು ಚೀಟಿ, ಗೋಂದು ತಂದು ಪ್ರತಿ ಸೀಸೆಗೂ, ಕೋಲಿಗೂ, ಕಡೆಗೆ ಕಳ್ಳನ ಮಾಯದ ಚಪ್ಪಲಿಗೂ ‘ಬರುವ ಭಾನುವಾರ ಸಂಜೆಗೆ ಅವಧಿ ಮುಕ್ತಾಯ’ ಎಂದು ಅಂಟಿಸಿದರು. ಗಾಬರಿಯಲ್ಲಿ ಇವರೆಲ್ಲ, ಗುಹೆಯ ಬಾಗಿಲಲ್ಲಿ ತಾನು ಮೊದಲು ಬಿಡುವ ಇಲಿ ಹೆಗ್ಗಣಗಳ ಮೇಲೆ ಮಂತ್ರ ಸುರಿದು, ಬರಿಗೈಯಲ್ಲಿ ಮಹಾಸರ್ಪದ ಮುಂದೆ ನಿಲ್ಲುತ್ತಾರೆ. ತನ್ನ ಕುರ್ಚಿಯ ಘನತೆ ಗಗನಕ್ಕೇರುತ್ತದೆ ಎಂಬುದು ಒಳಲೆಕ್ಕ. ಹೊರಗೆ ಮಾತ್ರ ಉಪದೇಶ:

“ಬಚ್ಚಿಟ್ಟದ್ದು ಬೂದಿ, ಬಳಸಿದ್ದು ಭಾಗ್ಯ. ಅವಧಿ ಮುಗಿಯೋದರೊಳಗೆ ಉಪಯೋಗಿಸೋದನ್ನ ಕಲೀರಿ!”

“ಈ ನಿಯಮ ಎಲ್ಲದಕ್ಕೂನಾ?” ಹೆಂಡತಿ ವಿನಯದಿಂದ ಕೇಳಿದಳು. ಆ ವಿನಯವನ್ನು ಕಂಡಾದರೂ ಅವರು ಎಚ್ಚೆತ್ತುಕೊಳ್ಳಬೇಕಿತ್ತು.

“ಎಲ್ಲದಕ್ಕೂ! ಮಂತ್ರವಾಗ್ಲಿ, ಮನುಷ್ಯನಾಗ್ಲಿ!”

ಮುಂದಿನ ಭಾನುವಾರ ಸ್ನಾನ ಮುಗಿಸಿ ಬಂದ ಸೂತ್ರಧಾರರು ಬಾಗಿಲಲ್ಲೇ ನಿಂತುಬಿಟ್ಟರು. ಭಾವಮೈದುನ ಅವರ ಬೂದು ಕೋಟು ತೊಟ್ಟು ಕೂತಿದ್ದ. ಯೋಗ್ಯ ಸಂದರ್ಭ ಬರಲೆಂದು ಮದುವೆಯಾದಾಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಾಯುತ್ತಿದ್ದ ಕೋಟು ಅದು.

“ಅದು ನನ್ನ ಕೋಟು!”

“ಅವಧಿ ಮುಗಿದಿತ್ತು ಭಾವ. ಅಕ್ಕಾನೇ ಚೀಟಿ ಅಂಟಿಸಿದ್ಲು. ನೋಡಿ, ಕಾಲರ್ ಮೇಲಿದೆ.”

“ಬಿಚ್ಚೋ ಮೊದಲು!”

“ಬಿಚ್ಚಿದ್ರೂ ನಿಮಗೆ ಆಗಲ್ಲ ಬಿಡಿ,” ಎಂದಳು ಹೆಂಡತಿ. “ಭುಜದ ಹೊಲಿಗೆ ತೆಗೆದು ಅವನ ಅಳತೆಗೆ ಮಾಡಿದ್ದೀನಿ.”

ಮೇಜಿನ ಆ ಬದಿಯಲ್ಲಿ ಟಣಟಣ ಸದ್ದಾಯಿತು. ಅತ್ತೆ ಹಿತ್ತಾಳೆಯ ದಾಳ ಉರುಳಿಸಿ ನೋಡುತ್ತಿದ್ದರು. ಸೂತ್ರಧಾರರು ಆಸೆಪಟ್ಟು ಮಾಡಿಸಿ, ಉಸಿರು ತಾಗಿದರೆ ಮಾಸೀತೆಂದು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿದ್ದ ದಾಳ.

“ಒಳ್ಳೇ ತೂಕ ಇದೆ ಅಳಿಯಂದಿರೇ. ಇಷ್ಟು ದಿನ ಪ್ಲಾಸ್ಟಿಕ್ಕಿನದ್ರಲ್ಲಿ ಆಡಿಸಿದ್ರಲ್ಲ, ಪಾಪ.”

ಸೂತ್ರಧಾರರು ಹಲ್ಲು ಕಚ್ಚಿ ಕುರ್ಚಿ ಹತ್ತಿದರು. ಇಲಿ ಹೆಗ್ಗಣಗಳ ವಿಚಾರವನ್ನು ಮರೆತರು. ನೇರವಾಗಿ ಮಹಾಸರ್ಪವನ್ನೇ ಮೇಜಿನ ಮೇಲಿಟ್ಟರು.

“ಗುಹೆಯ ಗರ್ಭ ನಡುಗಿತು. ಯುಗಯುಗಾಂತರದ ನಿದ್ರೆಯಿಂದ ಎದ್ದ ಆ ಉರಗೇಶ್ವರ ತನ್ನ ವಿಶಾಲವಾದ ರೆಕ್ಕೆಗಳನ್ನು...”

“ಅದೃಶ್ಯರಸ ಕುಡಿದೆ,” ಎಂದ ಭಾವಮೈದುನ. “ಮಾಯದ ಚಪ್ಪಲಿ ಹಾಕ್ಕೊಂಡು ಅದರ ಬೆನ್ನು ಹತ್ತಿದೆ.”

“ಬಲವರ್ಧಿನಿ, ವೇಗವರ್ಧಿನಿ, ಸಂಜೀವಿನಿ ಮೂರೂ ಕುಡಿದೆ,” ಎಂದು ಹೆಂಡತಿ ಡಬ್ಬಿಯನ್ನು ಬೋರಲು ಹಾಕಿದಳು. ಸೀಸೆಗಳ ಜೊತೆ ಗುಂಡಿಗಳೂ ಉರುಳಿದವು.

“ನಾನು ಬೆಂಕಿ ಕೋಲು. ಪೂರ್ತಿ. ನಾಳೆಗೆ ಏನೂ ಇಡಲ್ಲ,” ಎಂದು ಅತ್ತೆ ಹಿತ್ತಾಳೆ ದಾಳ ಬಿಟ್ಟರು.

ಇಪ್ಪತ್ತು ಬಿತ್ತು; ಅಂದರೆ ಗುರಿ ತಪ್ಪುವ ಮಾತೇ ಇಲ್ಲ. (ಅದು ಹತ್ತೊಂಬತ್ತಿದ್ದು ಭಾವಮೈದುನನ ಮೊಣಕೈ ತಾಗಿ ಹೊರಳಿತೆಂದು ಸೂತ್ರಧಾರರು ಇಂದಿಗೂ ಹೇಳುತ್ತಾರೆ, ಉಳಿದ ಮೂವರೂ ಅಲ್ಲವೆನ್ನುತ್ತಾರೆ. ಬಹುಮತವನ್ನೇ ಚರಿತ್ರೆಯೆಂದು ಸ್ವೀಕರಿಸಲಾಗಿದೆ.)

“ನಿಲ್ಲಿ! ರೆಕ್ಕೆಯ ವರ್ಣನೆ ಇನ್ನೂ ಬಾಕಿ ಇದೆ!”

“ಸತ್ತ ಮೇಲೆ ವರ್ಣಿಸಿ. ಯಾರು ಬೇಡ ಅಂದ್ರು?” ಎಂದಳು ಹೆಂಡತಿ.

ಉರಗೇಶ್ವರ ಬಾಯಿ ತೆರೆಯುವ ಮೊದಲೇ ಕಣ್ಣು ಮುಚ್ಚಿದ. ದುಃಖ ನುಂಗಲು ಸೂತ್ರಧಾರರು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಕುರ್ಚಿಯ ಬೆನ್ನಿಗೂ ಒಂದು ಚೀಟಿ ಅಂಟಿತ್ತು. ಕುರ್ಚಿಯ ಮೇಲೆ, ರಟ್ಟಿನ ಮರೆಯ ಹಿಂದೆ, ಹೆಂಡತಿ ಕುಳಿತಿದ್ದಳು.

“ಏಳೇ! ಇದು ನನ್ನ ಜಾಗ!”

“ಮನುಷ್ಯನಿಗೂ ಅವಧಿ ಇದೆ ಅಂದವರು ನೀವೇ ಅಲ್ವೇನ್ರೀ? ಸೂತ್ರಧಾರರದ್ದು ಇವತ್ತಿಗೆ ಮುಗೀತು. ಬನ್ನಿ, ಆ ಕಡೆ ಕೂತ್ಕೊಳ್ಳಿ. ನೀವಿನ್ನು ಮೂಟೆ ಹೊರೋ ಹಮಾಲ.”

ಹಮಾಲನಿಗೆ ಖಡ್ಗವಿಲ್ಲ, ಕೋಲಿಲ್ಲ, ಕೋಟಂತೂ ಇಲ್ಲವೇ ಇಲ್ಲ. ಕನಿಕರಪಟ್ಟ ಹೊಸ ಸೂತ್ರಧಾರಿಣಿ ಉಳಿದಿದ್ದ ಒಂದೇ ಒಂದು ಸಂಜೀವಿನಿ ಸೀಸೆಯನ್ನು ಅವರ ಅಂಗೈಗೆ ಹಾಕಿದಳು. ಗುಹೆಯಿಂದ ಹೊರಬರುತ್ತಲೇ ಒಂದು ಬಡಕಲು ತೋಳ ಹಮಾಲನ ತೊಡೆಗೆ ಬಾಯಿ ಹಾಕಿತು.

“ರಕ್ತ ಸುರೀತಾ ಇದೆ. ಸೀಸೆ ಕುಡೀತೀರಾ?”

ಮಾಜಿ ಸೂತ್ರಧಾರರು ಸೀಸೆಯನ್ನು ನೋಡಿದರು. ಇಡೀ ಜಗತ್ತಿನಲ್ಲಿ ತಮ್ಮದೆಂದು ಉಳಿದದ್ದು ಅದೊಂದೇ. ಅವರು ಅದನ್ನು ಮೆಲ್ಲಗೆ ಅಂಗಿಯ ಕಿಸೆಗೆ ಇಳಿಸಿ, ಮೇಲೆ ಕೈ ಅಡ್ಡ ಇಟ್ಟುಕೊಂಡರು.

“ಬೇಡ,” ಎಂದರು. “ಮುಂದೆ ಬೇಕಾಗುತ್ತೆ.”

ಅತ್ತೆ ದಾಳ ಎತ್ತಿಕೊಳ್ಳುತ್ತ ಮಗಳನ್ನು ಕೇಳಿದರು: “ಹಮಾಲ ಸತ್ತ ಮೇಲೆ ಆ ಸೀಸೆ ಯಾರಿಗಮ್ಮ?”