ಚುಕ್ಕಿ ಎಂಬ ಹಸುವಿನ ವಿಷಯವಾಗಿ ಕಾಯಿನ್ ಕಂಪನಿಗೆ

ಸುವರ್ಣಾಕ್ಷ ಡಿಜಿಟಲ್ ಕಾಯಿನ್ ಕಂಪನಿಯ ಬೆಳವಣಿಗೆ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಾಮಸಮುದ್ರ ಹೋಬಳಿಯಲ್ಲಿ ರಾಗಿ ಬೆಳೆಯುವವರ, ಹಾಲು ಕರೆಯುವವರ ಹಾಗೂ ಇತ್ತೀಚೆಗೆ ತಮ್ಮ ದಯೆಯಿಂದ ಹೂಡಿಕೆದಾರರೂ ಆಗಿಬಿಟ್ಟವರ ಪರವಾಗಿ ಚಿಕ್ಕವೆಂಕಟಪ್ಪನಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ರಸ್ತೆ ಬದಿಯ ಫ್ಲೆಕ್ಸುಗಳಿಂದ ತಿಳಿದು ಸಂತೋಷವಾಯಿತು. ಪ್ರತಿ ಹೊಸ ಫ್ಲೆಕ್ಸಿನಲ್ಲೂ ತಮ್ಮ ಕೆನ್ನೆ ಇನ್ನಷ್ಟು ತುಂಬಿಕೊಂಡಿದೆ.

ರಾಬರ್ಟ್‌ಸನ್‌ಪೇಟೆಯ ಬಳೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಹುಟ್ಟಿದ ತಮ್ಮ ಕಂಪನಿ, ಕೆಳಗಿನ ಬಳೆ ಅಂಗಡಿಯನ್ನೂ ನುಂಗಿ, ಬಂಗಾರಪೇಟೆಯ ಸ್ಟೇಷನ್ ಎದುರು ಗಾಜಿನ ಬಾಗಿಲು ಇಟ್ಟುಕೊಂಡು, ಕೊನೆಗೆ ನಮ್ಮೂರ ಡೈರಿಯ ಮುಂದೆ ಶಾಮಿಯಾನ ಹಾಕಿ ಕೇಸರಿಬಾತು ಹಂಚುವ ತನಕ ಬೆಳೆದ ವೇಗ ಕಂಡು ನಮ್ಮ ನೀಲಗಿರಿ ಮರಗಳೇ ನಾಚಿಕೊಂಡವು. ನಂದಿದುರ್ಗ ಗಣಿಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಟೀ ಸೋಸಿದ ಕುಪ್ಪುಸ್ವಾಮಿಯವರಿಗೆ ಗಣಿಯ ಟೋಪಿ ಹಾಕಿಸಿ, ಚಿನ್ನ ಅಗೆದ ವೀರನೆಂದು ತಾವು ಬ್ಯಾನರಿನಲ್ಲಿ ಮೆರೆಸಿದ್ದನ್ನು ಅವರ ಮನೆಯವರು ಇನ್ನೂ ನೆನೆಯುತ್ತಾರೆ. ನಮ್ಮದು ಉದಯೋನ್ಮುಖ ಮಾರುಕಟ್ಟೆ ಎಂದು ತಾವು ಮೈಕಿನಲ್ಲಿ ಸಾರಿದಾಗ, ಕೋಳಿ ಕೂಗುವ ಮುಂಚೆ ಎದ್ದು ಹಾಲು ಕರೆಯುವ ನಮ್ಮ ಹೆಂಗಸರು ಅದು ತಮ್ಮದೇ ಗುಣಗಾನವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯಲ್ಲಿ ನನ್ನ ಅತ್ತಿಗೆ ಅಶ್ವತ್ಥಮ್ಮನವರದೂ ಒಂದಿತ್ತು. ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಬಿಟ್ಟು ತಮ್ಮ ಏಜೆಂಟನಾಗಿ ಟೈ ಕಟ್ಟಿದ ಮುನಿರಾಜು ಆಕೆಯ ಜಗುಲಿಯ ಮೇಲೆ ಕೂತು, "ಅಕ್ಕಾ, ಅಸು ಅಂದ್ರೆ ಉಲ್ಲು ಆಕ್ಬೇಕು, ನೀರು ಕುಡಿಸ್ಬೇಕು, ಸಗಣಿ ಬಾಚ್ಬೇಕು. ಕಾಯಿನ್ನು ಅಂಗಲ್ಲ, ನೀನು ಮಲಗಿದ್ರೂ ಬೆಳೀತದೆ," ಎಂದ. ಹೀಗಾಗಿ ಅತ್ತಿಗೆ ಗಬ್ಬದ ಹಸು ಚುಕ್ಕಿಯನ್ನು ಪಕ್ಕದೂರಿನ ಚಲಪತಿಯವರಿಗೆ ಮಾರಿ ತಮ್ಮ ಕಾಯಿನ್ನು ಕೊಂಡರು. ಚಲಪತಿ ಒಳ್ಳೆಯವರು, ಕರು ಹಾಕುವುದರೊಳಗೆ ಬಂದರೆ ಅದೇ ಬೆಲೆಗೆ ಹಸುವನ್ನು ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟರು.

ತಮ್ಮ ಆಫೀಸಿನ ಕವಿತ ಎಂಬ ಹುಡುಗಿ ಅತ್ತಿಗೆಗೆ ಹನ್ನೆರಡು ಇಂಗ್ಲಿಷ್ ಪದ ಹೇಳಿಕೊಟ್ಟು, ಇವೇ ನಿಮ್ಮ ಖಾತೆಯ ಬೀಗದ ಕೈ, ಎಲ್ಲೂ ಬರೆಯಬೇಡಿ, ಫೋನಿನಲ್ಲಿ ಇಡಬೇಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದಳು. ಮಾನ್ಯರೇ, ನಮ್ಮ ಕಡೆಯ ಹೆಂಗಸರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದುದನ್ನೆಲ್ಲ ಹಾಡು ಕಟ್ಟಿಯೇ ಇಟ್ಟುಕೊಳ್ಳುತ್ತಾರೆಂಬುದು ತಮ್ಮ ಕಂಪನಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ರಾಗಿ ಕಳೆ ಕೀಳುವ ಸಾಲಿನಲ್ಲಿ ಅತ್ತಿಗೆ,

"ಲ್ಯಾಡರು ಏರಿ ಬಂದಾಳೆ,
ಕ್ಯಾಮೆಲು ಇಳಿದು ನಿಂದಾಳೆ,
ಆನಿಯನ್ನು ಮುಡಿದಾಳೆ ಮದುಮಗಳು ಸೋಬಾನೆ"

ಎಂದು ಶುರು ಮಾಡಿ ಹನ್ನೆರಡನ್ನೂ ಮುಗಿಸುವಷ್ಟರಲ್ಲಿ, ಉಳಿದ ಹೆಂಗಸರು ಸೊಲ್ಲು ಹಿಡಿದಿದ್ದರು. ಕಳೆ ಮುಗಿಯುವ ಹೊತ್ತಿಗೆ ಹಾಡು ಕೆರೆಯಾಚೆ ದಾಟಿತ್ತು. ಕಾಮಸಮುದ್ರದ ಒಂದು ಮದುವೆಯಲ್ಲಿ ಆರತಿಗೆ ಅದನ್ನೇ ಹಾಡಿದಾಗ ಪುರೋಹಿತರು, "ಮದುಮಗಳಿಗೆ ಈರುಳ್ಳಿ ಯಾಕ್ರಮ್ಮ ಮುಡಿಸ್ತೀರಿ?" ಎಂದು ಬೆದರಿದರು. ಅತ್ತಿಗೆ, "ಅದು ನನ್ ಬೀಗದ ಕೈ ಸಾಮಿ, ನೀವು ಮಂತ್ರ ಯೋಳಿ," ಎಂದರು.

ಚುಕ್ಕಿಗೆ ದಿನ ತುಂಬುತ್ತಾ ಬಂದಾಗ ಅತ್ತಿಗೆ ನನ್ನನ್ನು ಕರೆದುಕೊಂಡು ಬಂಗಾರಪೇಟೆಯ ತಮ್ಮ ಗಾಜಿನ ಬಾಗಿಲಿಗೆ ಬಂದರು. ಹಾಡಿನ ಸಂಗತಿ ಕೇಳಿದ ಕವಿತ ತಲೆ ಮೇಲೆ ಕೈ ಇಟ್ಟು, "ಊರಿಗೆಲ್ಲಾ ಆಡಿ ತೋರ್ಸಿದ್ರಾ ಆಂಟಿ? ಯಾರೋ ಎಲ್ಲಾ ಬಾಚ್ಕೊಂಡೋಗಿರ್ತಾರೆ. ಕಂಪ್ನಿ ಏನೂ ಮಾಡಕ್ಕಾಗಲ್ಲ," ಎನ್ನುತ್ತಲೇ ಖಾತೆ ತೆರೆದಳು. ಕಾಯಿನ್ನುಗಳೆಲ್ಲ ಇಟ್ಟಲ್ಲೇ ಇದ್ದವು, ಒಂದೂ ಕದಲಿರಲಿಲ್ಲ.

"ಎಲ್ಲಾ ಐತಲ್ಲವ್ವ! ಕೊಡು ಮತ್ತೆ, ಚುಕ್ಕೀನ ಒಡ್ಕೊಂಡೋಗ್ತೀನಿ," ಎಂದರು ಅತ್ತಿಗೆ.

"ಎಲ್ಲಾ ಮಾರಿದ್ರೂ ಇವತ್ತಿನ ರೇಟಿಗೆ ಒಂದು ಒರೆ ಉಲ್ಲು ಬರ್ಬೋದು ಆಂಟಿ," ಎಂದು ಕವಿತ ತಲೆ ತಗ್ಗಿಸಿ ಹೇಳಿದಳು.

ಹುಲ್ಲು ತಂದರೆ ತಿನ್ನಲು ಹಸು ಬೇಕಲ್ಲ ಎಂಬ ಕ್ಷುಲ್ಲಕ ವಿಷಯವನ್ನು ನಾವು ಅಲ್ಲಿ ಎತ್ತಲಿಲ್ಲ. ಬದಲಿಗೆ ಇಡೀ ಹೋಬಳಿಗೆ ಬೀಗದ ಕೈ ಗೊತ್ತಿದ್ದೂ ಒಬ್ಬರೂ ಕದಿಯದಂಥ ಸಂಪತ್ತನ್ನು ಸೃಷ್ಟಿಸಿದ ತಮಗೆ ಮನಸ್ಸಿನಲ್ಲೇ ಕೈಮುಗಿದೆವು. ಬುದ್ಧಿ ಹೇಳುವವರು, ಪೊಲೀಸರು, ಗ್ರಾಮದೇವತೆ ಎಲ್ಲರೂ ಸೇರಿ ಮಾಡಲಾಗದ ಕೆಲಸವನ್ನು ತಮ್ಮ ಕಾಯಿನ್ನು ಒಂದೇ ಮಾಡಿದೆ.

ಆದುದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಕಾಮಸಮುದ್ರ ಹೋಬಳಿಯವರು ಕಳ್ಳರಲ್ಲವೆಂದು ತಮ್ಮ ಮೊಹರಿನ ಪ್ರಮಾಣಪತ್ರವೊಂದನ್ನು ದಯಪಾಲಿಸಬೇಕು. ಸಂಜೆಯ ಹೊತ್ತು ಅತ್ತಿಗೆಯ ಕೈ ಅಭ್ಯಾಸಬಲದಿಂದ ಕೊಟ್ಟಿಗೆಯ ಕಡೆ ಹೋಗಿ ಬರಿದೇ ಹಿಂದಿರುಗುತ್ತಿರುವುದರಿಂದ, ಕಾಯಿನ್ನನ್ನು ಎಲ್ಲಿ ಹಿಡಿದು ಕರೆಯಬೇಕೆಂದು ತೋರಿಸಿಕೊಡಲು ತಮ್ಮ ಅಧಿಕಾರಿಯೊಬ್ಬರನ್ನು ಚೆಂಬಿನ ಸಮೇತ ಕಳಿಸಬೇಕು. ಇದಾವುದೂ ಆಗದಿದ್ದರೆ, ಕರು ಹಾಕುವುದರೊಳಗೆ ಚುಕ್ಕಿಯನ್ನು ನಮ್ಮ ಬಾಗಿಲಿಗೆ ತಂದು ಕಟ್ಟಬೇಕು. ಕೇಸರಿಬಾತಿನ ಖರ್ಚನ್ನು ಬೇಕಾದರೆ ಮುರಿದುಕೊಳ್ಳಿ.

ಇನ್ನೂ ಹಾಲನ್ನೇ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ಚಿಕ್ಕವೆಂಕಟಪ್ಪ

ವಿ. ಸೂ.: ಈ ಪತ್ರ ಅಂಚೆಗೆ ಹಾಕುವ ಮೊದಲೇ ಚುಕ್ಕಿ ಚಲಪತಿಯವರ ಕೊಟ್ಟಿಗೆಯಲ್ಲಿ ಹೆಣ್ಣು ಕರು ಹಾಕಿತಾದ್ದರಿಂದ ಕೊನೆಯ ಬೇಡಿಕೆಯನ್ನು ಕೈಬಿಟ್ಟಿದ್ದೇವೆ. ಕರು ನೋಡಲೆಂದು ನಾವೆಲ್ಲ ಅಲ್ಲಿಗೆ ಹೋಗಿದ್ದಾಗ ಅತ್ತಿಗೆಯ ಮನೆಗೆ ಕಳ್ಳ ನುಗ್ಗಿದ್ದ. ನಮ್ಮ ಕಡೆಯವನೇ ಇರಬೇಕು, ನಾಯಿ ಬೊಗಳಲೇ ಇಲ್ಲವೆಂದು ಪಕ್ಕದ ಮನೆಯವರು ಹೇಳುತ್ತಾರೆ. ಅಂದಮೇಲೆ ಹಾಡೂ ಅವನಿಗೆ ಬಾಯಿಪಾಠ. ತಮ್ಮ ಕಾಯಿನ್ನುಗಳಿದ್ದ ಫೋನು ಗೋಡೆಯ ಗೂಡಿನಲ್ಲೇ ಇತ್ತು. ಅವನು ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಹಿಂದಿದ್ದ ಚುಕ್ಕಿಯ ಹಳೆಯ ಹಗ್ಗವನ್ನು ಮಾತ್ರ ತೆಗೆದುಕೊಂಡು ಹೋಗಿದ್ದಾನೆ.